ಮದ್ದುಗುಂಡಿನ ಪಾಠ, ಮೆತ್ತನೆಯ ದನಿಯಲ್ಲಿ

ಎಲ್ಲಿ ನಗಬಾರದೋ ಅಲ್ಲಿಗೇ ನಗು ವಿಳಾಸ ಹುಡುಕಿಕೊಂಡು ಬರುತ್ತದೆ. ನಾನು ಈಗ ಹೋಗುತ್ತಿರುವ ಕೆಲಸದಲ್ಲಂತೂ ವಾರಕ್ಕೊಂದು ಸಲ ಬಂದೇ ಬರುತ್ತದೆ.

ಮೊದಲು ನಾನು ಯಾರು, ಅದು ಎಂಥ ಕೆಲಸ ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದು ನಿವೃತ್ತಳಾದವಳು. ಕೆಂಗೇರಿ ಉಪನಗರದಲ್ಲಿ ಒಂದು ಸಣ್ಣ ಖಾಸಗಿ ತರಬೇತಿ ಕೇಂದ್ರವಿದೆ. ಮದ್ದುಗುಂಡುಗಳನ್ನು ಸುರಕ್ಷಿತವಾಗಿ ಇಡುವುದು, ಸಾಗಿಸುವುದು, ಲೆಕ್ಕ ಒಪ್ಪಿಸುವುದು ಹೇಗೆ ಅಂತ ಬ್ಯಾಂಕಿನ ಗನ್‌ಮ್ಯಾನ್‌ಗಳಿಗೆ, ಸೆಕ್ಯೂರಿಟಿ ಗಾರ್ಡ್‌ಗಳಿಗೆ ಯಾರಾದರೂ ಕಲಿಸಬೇಕಲ್ಲ, ಹಾಗೆ ಕಲಿಸುವವರನ್ನು ತಯಾರು ಮಾಡುವ ಜಾಗ ಅದು. ಅಂದರೆ ಅಲ್ಲಿಗೆ ಬರುವವರು ಮುಂದೆ ಮೇಷ್ಟ್ರಾಗುವವರು. ಹೆಚ್ಚಿನವರು ಸೈನ್ಯದಿಂದ ನಿವೃತ್ತರಾದವರು. ಮದ್ದುಗುಂಡಿನ ಬಗ್ಗೆ ಅವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಪಾಠ ಮಾಡುವುದು ಹೇಗೆ ಅನ್ನುವುದಷ್ಟೇ ನನ್ನ ಪಾಠ.

ಇದನ್ನು ನಮ್ಮ ಯಜಮಾನರಿಗೆ ಎಷ್ಟು ಬಿಡಿಸಿ ಹೇಳಿದರೂ ಅವರದು ಒಂದೇ ಮಾತು: "ಸಿಲಿಂಡರ್ ಬದಲಾಯಿಸೋಕೆ ಪಕ್ಕದ ಮನೆಯೋರನ್ನ ಕರೀತೀಯ. ನೀನು ಮದ್ದುಗುಂಡಿನ ಮೇಡಮ್ಮಾ?"

ಇನ್ನೊಂದು ವಿಷಯ ಹೇಳಬೇಕು, ಓದುವವರು ಗಾಬರಿಯಾಗಬಾರದು. ನಮ್ಮ ಕೇಂದ್ರದಲ್ಲಿ ನಿಜವಾದ ಮದ್ದುಗುಂಡು ಒಂದೂ ಇಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮರದಲ್ಲಿ ಕಡೆಸಿ ತಂದ ನಕಲಿ ಗುಂಡುಗಳಿವೆ, ಖಾಲಿ ಪೆಟ್ಟಿಗೆಗಳಿವೆ. ನಿಯಮಗಳು ಮಾತ್ರ ಅಸಲಿ.

ಸಾವಧಾನ್

ಒಂದು ಬ್ಯಾಚಿನಲ್ಲಿ ಒಬ್ಬರು ಸುಬೇದಾರರಿದ್ದರು. ಸುಬೇದಾರ್ ಅಂದರೆ ಹವಾಲ್ದಾರರಿಗಿಂತ ಮೇಲೆ, ಆಫೀಸರುಗಳಿಗಿಂತ ಕೆಳಗೆ. "ಮೇಲಿನೋರ ಹತ್ರ ಬೈಸ್ಕೊಂಡು ಕೆಳಗಿನೋರಿಗೆ ಬೈಯೋದು ಮೇಡಂ, ಪೋಸ್ಟ್‌ಮ್ಯಾನ್ ಇದ್ದ ಹಾಗೆ" ಅಂತ ಅವರೇ ನನಗೆ ವಿವರಿಸಿದ್ದರು. ಮಲ್ಲತ್ತಹಳ್ಳಿಯವರು. ಸರ್ವಿಸೆಲ್ಲ ಮದ್ದುಗುಂಡಿನ ಡಿಪೋಗಳಲ್ಲೇ ಕಳೆದವರು. ಅವರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ.

ಆದರೂ ಹಿಂದಿನ ಬ್ಯಾಚಿನಲ್ಲಿ ಅವರು ಫೇಲಾಗಿದ್ದರು. ಕಾರಣ, ಕೂಗಾಟ. ಕೋರ್ಸಿನ ಕೊನೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಿಜವಾದ ಗಾರ್ಡ್‌ಗಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ಪಾಠ ಮುಗಿದ ಮೇಲೆ ಪರೀಕ್ಷಕರು ಗಾರ್ಡ್‌ಗಳನ್ನು ಕೇಳಿದಾಗ ಒಬ್ಬನಿಗೂ ಪಾಠ ನೆನಪಿರಲಿಲ್ಲ, ಹೆದರಿದ್ದು ಮಾತ್ರ ನೆನಪಿತ್ತು. ಕೇಂದ್ರದ ನಿಯಮದಂತೆ ಎರಡನೆಯ ಸಲವೇ ಕೊನೆಯ ಸಲ. ಅದಕ್ಕೇ ಡೈರೆಕ್ಟರು ನನ್ನನ್ನು ಕರೆದು, "ಮೇಡಂ, ಆ ಮನುಷ್ಯನಿಗೆ ಮೆತ್ತಗೆ ಮಾತಾಡೋದು ಕಲಿಸಿ, ಅಷ್ಟು ಸಾಕು" ಅಂದಿದ್ದರು.

ಮೊದಲ ದಿನ, "ಸ್ವಲ್ಪ ಹೊತ್ತು ಪಾಠ ಮಾಡಿ, ಮೆತ್ತಗೆ" ಅಂದೆ.

"ಜೀ ಮೇಡಂ" ಅಂದರು. ಆ "ಜೀ ಮೇಡಂ"ಗೇ ಕಿಟಕಿಯ ಗಾಜು ಅದುರಿತು. ಆಮೇಲೆ ಎದೆ ಉಬ್ಬಿಸಿ, "ಕ್ಲಾಸ್, ಸಾವಧಾನ್" ಅಂದರು. ಸಾವಧಾನ್ ಅಂದರೆ ಪೆರೇಡಿನಲ್ಲಿ ನೆಟ್ಟಗೆ ನಿಲ್ಲಲು ಕೊಡುವ ಆಜ್ಞೆ. ನಾನು ಕೂತವಳು ನಿಂತಿದ್ದೆ. ಯಾಕೆ ನಿಂತೆ ಅಂತ ನನಗೇ ತಿಳಿಯಲಿಲ್ಲ.

ಎರಡು ನಿಮಿಷಕ್ಕೆ ಕೆಳಗಿನ ಮಹಡಿಯ ಯೋಗ ಟೀಚರ್ ಮೇಲೆ ಬಂದರು. ನಾನು ಬಾಗಿಲಲ್ಲೇ ಕೈಮುಗಿದು, "ತಪ್ಪಾಯ್ತು ಕಣಮ್ಮ, ಇನ್ಮೇಲೆ ಹೀಗಾಗಲ್ಲ" ಅಂದೆ.

"ಅಯ್ಯೋ, ಹಾಗನ್ಬೇಡಿ ಮೇಡಂ. ನಮ್ಮೋರೆಲ್ಲ ಶವಾಸನದಲ್ಲಿ ಮಲಗಿದ್ರು. ಒಂದೇ ಸಲಕ್ಕೆ ಎದ್ದು ನಿಂತ್‌ಬಿಟ್ರು. ಅದರಲ್ಲೊಬ್ರು ಆಂಟಿ ಮಂಡಿನೋವು ಅಂತ ಯಾರಾದ್ರೂ ಕೈ ಹಿಡೀದೆ ಎದ್ದಿದ್ದೇ ಇಲ್ಲ. ಇವತ್ತು ಅವರೇ ಫಸ್ಟು. ನಾಳೆನೂ ಇದೇ ಟೈಮಿಗೆ ಒಂದ್ಸಲ ಕೂಗಿಸ್ತೀರಾ?"

ಸುಬೇದಾರರ ಮುಖ ಅರಳಿತು. ಕೂಗಬೇಡಿ ಅಂತ ಕಲಿಸಲು ಬಂದವಳ ಎದುರಿಗೇ ಕೂಗಿಗೆ ಗಿರಾಕಿ ಸಿಕ್ಕಿದ್ದರು.

ಸಾಸಿವೆಗೆ ಸಾಕ್ಷಿ

ಗೊತ್ತಿರುವುದರಿಂದ ಶುರುಮಾಡಿ ಗೊತ್ತಿಲ್ಲದ್ದಕ್ಕೆ ಹೋಗಬೇಕು ಅನ್ನುವುದು ಪಾಠ ಮಾಡುವವರ ಹಳೆಯ ನಿಯಮ. ಅದನ್ನು ಹೇಳಿಕೊಡುವಾಗ ನಾನು ಅಡುಗೆಮನೆಯ ಉದಾಹರಣೆ ಕೊಟ್ಟೆ. ಹಳೆಯ ಅಕ್ಕಿ ಮೊದಲು ಖರ್ಚು ಮಾಡುತ್ತೇವೆ, ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುತ್ತೇವೆ, ಗೋಡೆಗೆ ಆನಿಸುವುದಿಲ್ಲ. ಮದ್ದುಗುಂಡಿಗೂ ಹೆಚ್ಚುಕಮ್ಮಿ ಇದೇ ನಿಯಮವಂತೆ. "ಹೀಗೆ ಅಡುಗೆಮನೆ ಮೂಲಕ ಹೇಳಿದ್ರೆ ಗಾರ್ಡ್‌ಗಳ ತಲೆಗೆ ಹತ್ತುತ್ತೆ" ಅಂದೆ. ಸುಬೇದಾರರು ತಲೆದೂಗಿದರು.

ಮುಂದಿನ ವಾರ ಅವರ ಹೆಂಡತಿ ಒಂದು ಟಿಫನ್ ಕ್ಯಾರಿಯರ್ ಹಿಡಿದು ಕೇಂದ್ರಕ್ಕೇ ಬಂದರು.

"ಮೇಡಂ, ನೀವು ಇವರಿಗೆ ಅಡುಗೆಮನೆ ನೋಡಿ ಕಲ್ತ್ಕೊಳ್ಳಿ ಅಂದ್ರಾ, ಇಲ್ಲ ಅಡುಗೆಮನೆಗೇ ಕಲಿಸಿ ಅಂದ್ರಾ?"

ನಡೆದದ್ದು ಇಷ್ಟು. ಸುಬೇದಾರರು ಭಾನುವಾರ ಇಡೀ ದಿನ ಕೂತು ಮನೆಯ ದಿನಸಿಯನ್ನೆಲ್ಲ ಡಿಪೋದ ಥರ ಜೋಡಿಸಿದ್ದರು. ಡಬ್ಬಗಳು ಗೋಡೆಯಿಂದ ಒಂದು ಗೇಣು ಈಚೆಗೆ. ಹಪ್ಪಳ ಮತ್ತು ಉಪ್ಪಿನಕಾಯಿ ಬೇರೆ ಬೇರೆ ಮೂಲೆಗೆ, ಯಾಕೆಂದರೆ ಅವು ಒಟ್ಟಿಗೆ ಇಡುವ ಜಾತಿಯಲ್ಲವಂತೆ. ಎಲ್ಲಕ್ಕಿಂತ ಮುಖ್ಯ, ದಿನಸಿ ಕೋಣೆಗೆ ಯಾರೂ ಒಬ್ಬರೇ ಹೋಗುವ ಹಾಗಿಲ್ಲ, ಜೊತೆಗೊಬ್ಬರು ಸಾಕ್ಷಿ ಇರಬೇಕು.

"ಒಗ್ಗರಣೆಗೆ ಎಣ್ಣೆ ಕಾಯ್ತಾ ಇದೆ. ಸಾಸಿವೆ ತಗೊಳ್ಳೋಕೆ ಇನ್ನೊಬ್ರು ಬೇಕು. ಇವರು ಕೆರೆ ಕಡೆ ವಾಕಿಂಗ್ ಹೋಗಿದಾರೆ. ಕೊನೆಗೆ ಎದುರುಮನೆ ಆಂಟಿನ ಕರ್ಕೊಂಡ್ ಬಂದು ನಿಲ್ಲಿಸ್ಕೊಂಡು ಸಾಸಿವೆ ತಗೊಂಡೆ ಮೇಡಂ."

ಪಕ್ಕದಲ್ಲಿದ್ದ ಸುಬೇದಾರರು ತೃಪ್ತಿಯಿಂದ, "ಕರೆಕ್ಟಾಗೇ ಮಾಡಿದೀಯ" ಅಂದರು.

ಆಕೆ ಅವರ ಕಡೆ ನೋಡಲೂ ಇಲ್ಲ. ನನ್ನನ್ನು ಸ್ವಲ್ಪ ಆಚೆಗೆ ಕರೆದು ದನಿ ತಗ್ಗಿಸಿದರು. "ಹೋದ ಸಲ ಪರೀಕ್ಷೆಗೆ ಮುಂಚೆನೇ ಬೀದಿಯೋರಿಗೆಲ್ಲ ಇವರು ಲೆಕ್ಚರರ್ ಆದ್ರು ಅಂತ ಮೈಸೂರ್‌ಪಾಕ್ ಹಂಚಿಬಿಟ್ಟಿದೀನಿ. ಈಗ ಎಲ್ರೂ ಯಾವ ಕಾಲೇಜು, ಯಾವ ಕಾಲೇಜು ಅಂತ ಕೇಳ್ತಾರೆ. ಇವರು ಕತ್ತಲಾದ್ಮೇಲೆ ಹಾಲು ತರೋಕೆ ಹೋಗ್ತಾರೆ. ಹೆಂಗಾದ್ರೂ ಈ ಸಲ ದಾಟಿಸ್ಬಿಡಿ. ಬಾಡಿಗೆ ಮನೆ ಆಗಿದ್ರೆ ಬೇರೆ ಏರಿಯಾಗೆ ಹೋಗ್ಬಹುದಿತ್ತು. ಸ್ವಂತ ಮನೆ ಮೇಡಂ."

ನನಗೆ ಪಾಪ ಅನಿಸಿತು. ಖಂಡಿತ ಪ್ರಯತ್ನ ಮಾಡುತ್ತೇನೆ ಅಂದೆ. ಆಕೆ ಕ್ಯಾರಿಯರ್ ನನ್ನ ಕೈಗಿಟ್ಟರು.

"ಚಿತ್ರಾನ್ನ. ಸ್ವಲ್ಪ ಧೂಳಿರಬಹುದು. ದಿನಸಿ ಇರೋ ಕಡೆ ಬೆಂಕಿ ಇರಬಾರದು ಅಂತ ನಿನ್ನೆಯಿಂದ ಸ್ಟವ್ ತಾರಸಿ ಮೇಲಿದೆ."

ತರಕಾರಿಯವಳ ಅನುಮಾನ

ಇದು ಚಿಕ್ಕದು. ದನಿ ತಗ್ಗಿಸುವ ಅಭ್ಯಾಸ ಆಗಲಿ ಅಂತ ನಾನು ಸುಬೇದಾರರಿಗೆ ಒಂದು ಹೋಮ್‌ವರ್ಕ್ ಕೊಟ್ಟೆ. ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ತರಕಾರಿಯನ್ನು ಮೆತ್ತಗೆ ಮಾತಾಡಿ ಚೌಕಾಸಿ ಮಾಡಿ ತರಬೇಕು. ಆ ಗಲಾಟೆಯಲ್ಲಿ ಮೆತ್ತಗೆ ಮಾತಾಡಲು ಬಂದರೆ ಕ್ಲಾಸಿನಲ್ಲೂ ಬರುತ್ತದೆ ಅನ್ನುವುದು ನನ್ನ ಲೆಕ್ಕ.

ಮಾರನೆಯ ದಿನ ಅವರು ಖುಷಿಯಲ್ಲಿ ಬಂದರು. "ವರ್ಕ್ ಆಗುತ್ತೆ ಮೇಡಂ. ಕೇಳಿದ ರೇಟಿಗೇ ಕೊಟ್ಳು. ಮೇಲೆ ಒಂದು ಕಟ್ಟು ಕೊತ್ತಂಬರಿ, ಎರಡು ನಿಂಬೆಹಣ್ಣು ಫ್ರೀ. ಇಷ್ಟು ವರ್ಷ ಸುಮ್ನೆ ಕೂಗಾಡಿದೆ."

ಅದಾಗಿ ಎರಡು ದಿನಕ್ಕೆ ಅವರ ಹೆಂಡತಿ ಅದೇ ಅಂಗಡಿಗೆ ಹೋದರಂತೆ. ತರಕಾರಿಯವಳು ಅವರ ಕೈ ಹಿಡಿದುಕೊಂಡು ಕೇಳಿದಳಂತೆ: "ಅಕ್ಕಾ, ಅಣ್ಣನಿಗೆ ಏನಾಗಿದೆ? ಡಾಕ್ಟ್ರು ಎಷ್ಟು ದಿನ ಅಂದ್ರು?"

ಮಂಗಳಾರತಿಯ ದೂರ

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಬೆಂಗಳೂರಿನಲ್ಲಿ ಸ್ಕೂಟರಿನಿಂದ ಹಿಡಿದು ಮಿಕ್ಸಿಯವರೆಗೂ ಪೂಜೆಯಾಗುತ್ತದೆ. ಹಾಗಿರುವಾಗ ಮದ್ದುಗುಂಡಿನ ಕೇಂದ್ರಕ್ಕೆ ಆಗದಿದ್ದರೆ ಹೇಗೆ? ಡೈರೆಕ್ಟರು ಪುರೋಹಿತರನ್ನು ಕರೆಸಿದರು. ನಮ್ಮಲ್ಲಿ ಮರದ ಗುಂಡುಗಳನ್ನೂ ಪೆಟ್ಟಿಗೆಗಳನ್ನೂ ಇಡುವ ಕೋಣೆಗೆ ಮದ್ದಿನ ಮನೆ ಅನ್ನುತ್ತೇವೆ. ಅದನ್ನು ಗುಡಿಸಿ ಸಾರಿಸಿ, ಪೆಟ್ಟಿಗೆಗಳಿಗೆಲ್ಲ ಸೇವಂತಿಗೆ ಹಾರ ಹಾಕಿದ್ದಾಯಿತು.

ಆ ದಿನ ಮದ್ದಿನ ಮನೆಯ ಬಾಗಿಲಿಗೆ ಡ್ಯೂಟಿ ಇದ್ದದ್ದು ಸುಬೇದಾರರಿಗೆ. ಪುರೋಹಿತರು ಬಂದರು.

"ಸ್ವಾಮಿ, ಬೆಂಕಿಪೊಟ್ಟಣ ಇದೆಯಾ?" ಅಂತ ಸುಬೇದಾರರು ಕೇಳಿದರು.

"ಇದೆ, ತಗೊಳ್ಳಿ" ಅಂತ ಪುರೋಹಿತರು ಪ್ರೀತಿಯಿಂದ ಕೊಟ್ಟರು. ಸುಬೇದಾರರು ಅದನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಬೀಗ ಹಾಕಿದರು. ಆಮೇಲೆ ಕರ್ಪೂರ ಕೇಳಿದರು. ಆಮೇಲೆ ಊದುಬತ್ತಿ. ಆಮೇಲೆ ಮೊಬೈಲು. ಪುರೋಹಿತರ ಕೈಯಲ್ಲಿ ಹೂವು ಮತ್ತು ಗಂಟೆ ಉಳಿದವು.

"ಮಂತ್ರನಾದ್ರೂ ಒಳಗೆ ಬಿಡ್ತೀರಾ?" ಅಂದರು.

"ಮಂತ್ರಕ್ಕೆ ಅಡ್ಡಿ ಇಲ್ಲ ಸ್ವಾಮಿ."

ಡೈರೆಕ್ಟರು ಹತ್ತಿರ ಬಂದು ಪಿಸುಗುಟ್ಟಿದರು: "ರೀ, ಎಲ್ಲಾ ಮರದ್ದು. ಪೆಟ್ಟಿಗೆ ಖಾಲಿ. ಒಂದು ಚೂರು ಕರ್ಪೂರ ಹಚ್ಚಿದ್ರೆ ಏನಾಗುತ್ತೆ?"

"ಇಲ್ಲಿ ಏನೂ ಆಗಲ್ಲ ಸಾರ್. ನಾವು ಇಲ್ಲಿ ಹಚ್ಚಿದ್ದನ್ನ ನೋಡಿ ಕಲ್ತೋರು ನಾಳೆ ಅಲ್ಲಿ ಹಚ್ತಾರೆ. ಅಲ್ಲಿರೋದು ಮರ ಅಲ್ಲ."

ಡೈರೆಕ್ಟರು ತಲೆಯಾಡಿಸಿ ಹಿಂದೆ ಸರಿದರು. ಅದು ಸರಿಯಾದ ಮಾತು ಅಂತ ನನಗೂ ಅನಿಸಿತು. ಆದರೆ ಮಂಗಳಾರತಿ ಇಲ್ಲದೆ ಪೂಜೆ ಮುಗಿಯುವುದಿಲ್ಲವಲ್ಲ. ಸುಬೇದಾರರೇ ದಾರಿ ಹೇಳಿದರು: ಮದ್ದಿನ ಮನೆಯಿಂದ ಬೆಂಕಿ ಎಷ್ಟು ದೂರ ಇರಬೇಕೋ ಅಷ್ಟು ದೂರದಿಂದ ಎತ್ತಿದರಾಯಿತು. ಟೇಪು ಹಿಡಿದು ಅಳೆಯುತ್ತಾ ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆ ದಾಟಿ ಹೋದರು. ನಿಯಮದ ದೂರ ಮುಗಿದದ್ದು ಎದುರಿನ ಬೇಕರಿಯ ಮುಂದೆ.

ಪುರೋಹಿತರು ಬೇಕರಿಯ ಮುಂದೆ ನಿಂತು ನಮ್ಮ ಕಿಟಕಿಯ ಕಡೆ ಮುಖಮಾಡಿ ಗಂಟೆ ಬಾರಿಸುತ್ತಾ ಆರತಿ ಎತ್ತಿದರು. ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಆರತಿ ತೆಗೆದುಕೊಂಡು ತಟ್ಟೆಗೆ ಕಾಸು ಹಾಕಿದರು. ಒಬ್ಬ ಆಟೋದವನು ನಿಲ್ಲಿಸಿ, "ಸ್ವಾಮಿ, ನಮ್ಮ ಗಾಡಿಗೂ ಒಂದು ಸುತ್ತು" ಅಂದ. ಅವನ ಹಿಂದೆ ಇನ್ನೊಂದು ಆಟೋ, ಅದರ ಹಿಂದೆ ಒಂದು ನೀರಿನ ಟ್ಯಾಂಕರ್. ಮಹಡಿಯ ಮೇಲೆ ನಾವು ಪ್ರಸಾದಕ್ಕೆ ಕಾದೇ ಕಾದೆವು.

ಕೊನೆಗೆ ಪುರೋಹಿತರು ತುಂಬಿದ ತಟ್ಟೆ ಹಿಡಿದು ವಾಪಸ್ ಬಂದು, ಸುಬೇದಾರರ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನಿಯಮ ಬಹಳ ಚೆನ್ನಾಗಿದೆ. ಮುಂದಿನ ವರ್ಷ ಇನ್ನೂ ಸ್ವಲ್ಪ ದೂರ ಇಟ್ರೂ ನನಗೇನೂ ಬೇಜಾರಿಲ್ಲ."

ಎರಡನೆಯ ಪರೀಕ್ಷೆ

ಇನ್ನು ಪರೀಕ್ಷೆಯ ದಿನದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಸೆಕ್ಯೂರಿಟಿ ಏಜೆನ್ಸಿಯಿಂದ ಗಾರ್ಡ್‌ಗಳು ಬಂದು ಎರಡು ಸಾಲಾಗಿ ಕೂತರು. ಪರೀಕ್ಷಕರು ತೆಳ್ಳಗಿನ ಮನುಷ್ಯ, ನಿವೃತ್ತ ಅಧಿಕಾರಿ. ಮಾತು ಕಡಿಮೆ, ಬರೆಯುವುದು ಜಾಸ್ತಿ. ಸುಬೇದಾರರಿಗೆ ಬಂದ ವಿಷಯ: ಇರಬಾರದ ಜಾಗದಲ್ಲಿ ಗುಂಡು ಕಂಡರೆ ಏನು ಮಾಡಬೇಕು? ಅವರು ಮೆತ್ತಗೇ ಶುರುಮಾಡಿದರು. ಅರ್ಧ ದಾರಿಗೆ ದನಿ ಮೆಟ್ಟಿಲು ಹತ್ತತೊಡಗಿತು. ನಾನು ಹಿಂದೆ ನಿಂತು, ಮಗುವಿನ ತಲೆ ತಟ್ಟುವವಳ ಹಾಗೆ ಕೈ ಕೆಳಗೆ ಕೆಳಗೆ ಮಾಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಗಾರ್ಡ್ ತೂಕಡಿಸಿದ. ಸುಬೇದಾರರ ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಮುಗಿಯಿತು ಕಥೆ ಅಂದುಕೊಂಡೆ.

ಆಗ ಕೊನೆಯಲ್ಲಿ ಕೂತಿದ್ದವನೊಬ್ಬ ನಿಧಾನಕ್ಕೆ ಅಂದ: "ಸಾರ್, ಅಲ್ಲೊಂದಿದೆ."

ಎರಡನೆಯ ಸಾಲಿನ ಒಂದು ಕುರ್ಚಿಯ ಕೆಳಗೆ, ನೆರಳಿನಲ್ಲಿ, ಬೆರಳಿನ ಗೆಣ್ಣಿನಷ್ಟು ಉದ್ದದ, ಒಂದು ತುದಿ ದುಂಡಗಿರುವ ಏನೋ ಹೊಳೆಯುತ್ತಿತ್ತು. ಹಿತ್ತಾಳೆ. ನಮ್ಮವೆಲ್ಲ ಮರದ್ದು ಅಂತ ಮೊದಲೇ ಹೇಳಿದ್ದೇನೆ. ಸುಬೇದಾರರು ಪರೀಕ್ಷಕರ ಮುಖ ನೋಡಿದರು, ಪರೀಕ್ಷಕರು ಸುಬೇದಾರರ ಮುಖ ನೋಡಿದರು. ನನಗೆ ಏನೂ ಯೋಚನೆ ಬರಲಿಲ್ಲ, ಕಾಲು ಆಗಲೇ ಬಾಗಿಲ ಕಡೆ ಹೊರಟಿತ್ತು.

ಸುಬೇದಾರರ ಬಾಯಿಂದ ಆಗ ಬಂದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ತೊಟ್ಟಿಲು ತೂಗುವವರ ದನಿ.

"ಯಾರೂ ಬಗ್ಗಬೇಡಿ. ಮುಟ್ಟಬೇಡಿ. ಕುರ್ಚಿ ಎಳೀಬೇಡಿ. ಹಿಂದಿನ ಸಾಲು ಮೊದಲು. ಅವಸರ ಇಲ್ಲ. ಮೇಡಂ, ಅಷ್ಟು ಜೋರಾಗಿ ಬೇಡ."

ಎಲ್ಲರೂ ಸದ್ದಿಲ್ಲದೆ ಇಳಿದು ರಸ್ತೆಯಾಚೆ ಸೇರಿದೆವು. ಸುಬೇದಾರರು ಕೊನೆಯವರಾಗಿ ಬಂದು, ಬಾಗಿಲು ಕಾಣುವಷ್ಟು ದೂರದಲ್ಲಿ ಒಬ್ಬರನ್ನು ಕಾವಲು ನಿಲ್ಲಿಸಿ, ಅಲ್ಲೇ ರಸ್ತೆಯಲ್ಲೇ, "ಈಗ ನಾವು ಏನೇನು ಮಾಡಿದ್ವಿ, ಯಾಕೆ ಮಾಡಿದ್ವಿ, ಒಬ್ಬೊಬ್ರೇ ಹೇಳಿ" ಅಂದರು. ತೂಕಡಿಸಿದ್ದವನೇ ಮೊದಲು ಹೇಳಿದ. ಪರೀಕ್ಷಕರು ಬರೆಯುತ್ತಲೇ ಇದ್ದರು.

ಎರಡನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಗಾರ್ಡ್ ಮಾತ್ರ ಏನೂ ಹೇಳದೆ ಸೊಂಟ ತಡವಿಕೊಳ್ಳುತ್ತಿದ್ದ. ನಡುವಯಸ್ಸಿನ ದೊಡ್ಡ ಆಳು, ಅದಕ್ಕೆ ತಕ್ಕ ಮೀಸೆ.

"ಸಾರ್, ಅದು ನನ್ನ ತಾಯತ ಇರ್ಬೇಕು. ಉಡಿದಾರ ಕಿತ್ತೋಗಿದೆ."

ತಿಳಿಯದವರಿಗೆ ಹೇಳುತ್ತೇನೆ: ಸೊಂಟಕ್ಕೆ ಕಟ್ಟುವ ದಾರ ಉಡಿದಾರ. ಕೆಟ್ಟದ್ದು ಏನೂ ಆಗದಿರಲಿ ಅಂತ ಮಂತ್ರಿಸಿದ ಚೀಟಿಯನ್ನೋ ಬೇರನ್ನೋ ಪುಟ್ಟ ಲೋಹದ ಕೊಳವೆಯಲ್ಲಿ ಮುಚ್ಚಿ ಅದಕ್ಕೆ ಕಟ್ಟುತ್ತಾರೆ. ಅದು ತಾಯತ.

"ಹೋಗಿ ತಗೊಂಡ್ ಬಂದ್‌ಬಿಡ್ಲಾ ಸಾರ್?"

"ಇರ್ಬೇಕು ಅಂದ್ರೆ ಆಗಲ್ಲ ಕಣಯ್ಯ. ಒಳಗೇನಿದೆ?"

"ಗೊತ್ತಿಲ್ಲ ಸಾರ್. ನಮ್ಮಮ್ಮ ಕಟ್ಟಿದ್ದು."

"ಒಳಗೇನಿದೆ ಅಂತ ಗೊತ್ತಿಲ್ದೇ ಇರೋದನ್ನ ಯಾರೂ ಮುಟ್ಟೋ ಹಾಗಿಲ್ಲ. ಅಮ್ಮನಿಗೆ ಫೋನ್ ಮಾಡು."

ರಸ್ತೆಯ ಗಲಾಟೆಗೆ ಕೇಳಿಸಲಿ ಅಂತ ಅವನು ಸ್ಪೀಕರ್ ಹಾಕಿದ. ಆ ಕಡೆಯಿಂದ ಅಮ್ಮನ ದನಿ ಬಂತು: "ಏನ್ ಪುಟ್ಟಾ, ಊಟ ಆಯ್ತಾ?" ಉಳಿದ ಗಾರ್ಡ್‌ಗಳೆಲ್ಲ ಬೇರೆ ಕಡೆ ನೋಡಿದರು.

"ಅಮ್ಮ, ತಾಯತದ ಒಳಗೇನಿದೆ?"

"ಅದೆಲ್ಲ ಕೇಳಬಾರ್ದು. ಹೇಳಿದ್ರೆ ಶಕ್ತಿ ಹೋಗುತ್ತೆ."

ಸುಬೇದಾರರು ಫೋನು ತೆಗೆದುಕೊಂಡರು. "ಅಮ್ಮಾ, ನಮಸ್ಕಾರ. ನೀವು ಹೇಳ್ದೇ ಇದ್ರೆ ನಾವ್ಯಾರೂ ಒಳಗೆ ಹೋಗೋ ಹಾಗಿಲ್ಲ."

"ಹೇಳಿದ್ರೆ ನನ್ನ ಮಗನಿಗೆ ಆಗಿ ಬರಲ್ಲ ಕಣಪ್ಪ."

ಅವರ ನಿಯಮ ಅವರಿಗೆ, ಇವರ ನಿಯಮ ಇವರಿಗೆ. ಪರೀಕ್ಷಕರ ಪೆನ್ನು ನಿಂತಿತು. ಈಗ ಕಿರುಚುತ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಸುಬೇದಾರರ ದನಿ ಇನ್ನೂ ತಗ್ಗಿತು.

"ನಿಮ್ಮ ಮಗನಿಗೆ ಏನೂ ಆಗಬಾರದು ಅಂತ ನೀವು ಅದನ್ನ ಕಟ್ಟಿದ್ರಿ ಅಮ್ಮ. ನಾನು ಕೇಳ್ತಾ ಇರೋದೂ ಅದಕ್ಕೇ."

ಆ ಕಡೆಯಿಂದ ಪ್ರಶ್ನೆ ಬಂತು: "ಯಾರಪ್ಪ ನೀನು?"

ಸುಬೇದಾರರು ಉತ್ತರ ಹುಡುಕುವ ಮೊದಲೇ ಮೀಸೆಯವನು ಅಂದ: "ನಮ್ಮ ಮೇಷ್ಟ್ರು ಅಮ್ಮ."

"ಮೇಷ್ಟ್ರಾ? ಮುಂಚೆನೇ ಹೇಳೋದಲ್ವಾ. ಮೇಷ್ಟ್ರೇ, ನಿಮಗೊಬ್ಬರಿಗೇ ಹೇಳ್ತೀನಿ. ಪುಟ್ಟನ ಕಿವಿಗೆ ಬೀಳ್ಬಾರ್ದು."

ಪುಟ್ಟನೂ ಸೇರಿದಂತೆ ನಾವೆಲ್ಲ ಉಸಿರು ಬಿಗಿಹಿಡಿದು ಫೋನಿನ ಕಡೆ ಬಗ್ಗಿದೆವು.

"ಅದು ಖಾಲಿ ಮೇಷ್ಟ್ರೇ. ಇವನು ಕೆಲಸಕ್ಕೆ ಹೊರಟ ದಿನ ಮಂತ್ರಿಸಿ ಕೊಡೋರು ಊರಲ್ಲಿರ್ಲಿಲ್ಲ. ಬಸ್ ಹತ್ತೋಕೆ ಹೆದರ್ಕೊಂಡು ಕೂತಿದ್ದ. ಬರೀ ಕೊಳವೆ ಕಟ್ಟಿ ಕಳಿಸ್ದೆ."

ಸುಬೇದಾರರು ಒಬ್ಬರೇ ಒಳಗೆ ಹೋಗಿ, ದೂರದಿಂದಲೇ ಟಾರ್ಚ್ ಬಿಟ್ಟು ನೋಡಿ, ದಾರ ಪೋಣಿಸುವ ಕೊಂಡಿಯನ್ನು ಗುರುತು ಹಿಡಿದು, ಆಮೇಲೆ ತಂದರು. ಪರೀಕ್ಷಕರು ಮೊದಲ ಸಲ ಬಾಯಿ ತೆರೆದರು.

"ಇದನ್ನ ಅಲ್ಲಿ ಇಡೋ ಐಡಿಯಾ ನಿಮ್ಮದಾ, ಮೇಡಮ್ಮದಾ?"

"ನೀವಿಟ್ಟಿದ್ದಲ್ವಾ ಸಾರ್? ನನ್ನ ಟೆಸ್ಟ್ ಮಾಡೋಕೆ?"

ಅಂದರೆ ಇಬ್ಬರಲ್ಲಿ ಯಾರೂ ನಾಟಕ ಆಡಿರಲಿಲ್ಲ. ಪರೀಕ್ಷಕರು ಹಾಳೆಯನ್ನು ಮಡಚಿ ಜೇಬಿಗಿಟ್ಟು, "ಪಾಸ್" ಅಂದರು. ಸುಬೇದಾರರು ಹೆಂಡತಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದವರು, ಮೀಸೆಯವನ ಮುಖ ನೋಡಿ ಹಾಗೇ ನಿಂತರು. ಅವನು ಅಂಗೈಯಲ್ಲಿ ತಾಯತ ಹಿಡಿದು ಸಪ್ಪಗಿದ್ದ.

"ಇಷ್ಟು ವರ್ಷ ಇದನ್ನ ನಂಬ್ಕೊಂಡು ಎಂಥೆಂಥ ಜಾಗದಲ್ಲಿ ಡ್ಯೂಟಿ ಮಾಡಿದೀನಿ ಸಾರ್. ಖಾಲಿ ಅಂತೆ."

ಸುಬೇದಾರರು ಅದನ್ನು ತೆಗೆದುಕೊಂಡು, ಬೇಕರಿಯಿಂದ ಒಂದು ತುಂಡು ದಾರ ತರಿಸಿ, ಎರಡು ಗಂಟು ಹಾಕಿ ಭದ್ರಮಾಡಿ ಅವನ ಕೈಗೆ ಕೊಟ್ಟರು.

"ಖಾಲಿ ಅಂತ ಗೊತ್ತಿದ್ರೂ ತುಂಬಿದೆ ಅಂತಾನೇ ನಡ್ಕೋಬೇಕು ಕಣಯ್ಯ. ನಮ್ಮ ಕೆಲಸದ ಮೊದಲನೇ ರೂಲೇ ಅದು."

ಅವನು ಯೋಚನೆ ಮಾಡಿ, ತಲೆಯಾಡಿಸಿ, ದಾರವನ್ನು ಸೊಂಟಕ್ಕೆ ಕಟ್ಟಿಕೊಂಡ. ಆಮೇಲೆ ಆ ಕಡೆ ಈ ಕಡೆ ನೋಡಿ, ಸುಬೇದಾರರ ಕಿವಿಯ ಹತ್ತಿರ ಬಂದು ಹೇಳಿದ:

"ಆದ್ರೆ ಮೇಷ್ಟ್ರೇ, ನನಗೆ ಗೊತ್ತಾಯ್ತು ಅಂತ ಅಮ್ಮನಿಗೆ ಹೇಳ್ಬೇಡಿ. ಪಾಪ, ಊರಲ್ಲಿ ಒಬ್ಬರೇ ಇರ್ತಾರೆ, ಹೆದರ್ಕೋತಾರೆ ಅಂತ ನಾನೂ ಅವರಿಗೆ ಒಂದು ಕಟ್ಟಿ ಬಂದಿದೀನಿ. ಅದೂ ಖಾಲೀನೇ."